ಹೊಟ್ಟೆ ಸೀಳಿದ ‘ಧ’ ಕಾಣುವ ಮಾನಿಟರ್

ಹಾಸನದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಕ್ರಯಪತ್ರ, ಅರ್ಜಿ, ಅಫಿಡವಿಟ್, ಮದುವೆ ಕಾಲ ಬಂದರೆ ಲಗ್ನಪತ್ರಿಕೆ. ದಿನಕ್ಕೆ ಎಂಟೊಂಬತ್ತು ಗಂಟೆ ಪರದೆ ನೋಡುವ ಕೆಲಸ. ಎರಡು ವರ್ಷದ ಹಿಂದೆ ನನ್ನ ಹಳೇ 22 ಇಂಚಿನ ಮಾನಿಟರ್ ಕೈಕೊಟ್ಟಿತು. ದೊಡ್ಡದಿದ್ದರೆ ಕಣ್ಣಿಗೆ ಆರಾಮ ಅಂದುಕೊಂಡು 27 ಇಂಚಿನದು ತಂದೆ. ಅದೇ ತಿಂಗಳು ಒಂದು ಲಗ್ನಪತ್ರಿಕೆಯಲ್ಲಿ ‘ಧಾರಾ ಮುಹೂರ್ತ’ ಹೋಗಿ ‘ದಾರಾ ಮುಹೂರ್ತ’ ಆಯಿತು. ಪ್ರೂಫನ್ನು ಪರದೆಯ ಮೇಲೆ ನಾನೇ ಎರಡು ಸಲ ನೋಡಿದ್ದೆ. ನಾನೂರು ಪ್ರತಿ ಅಚ್ಚಾಗಿತ್ತು. ಹುಡುಗಿಯ ಸೋದರಮಾವ ಬಂದು, “ಏನ್ ಸಾರ್, ಧಾರೆಗೆ ಹೊಟ್ಟೆ ಸೀಳೋದೇ ಮರೆತ್ರಾ?” ಅಂದರು. ಮತ್ತೆ ಅಚ್ಚು ಹಾಕಿಸಿದ ಖರ್ಚು ನನ್ನದೇ.

ತಪ್ಪು ಬೆರಳಿನದು, ಒಪ್ಪಿದೆ. ಆದರೆ ಕಣ್ಣು ಯಾಕೆ ಹಿಡಿಯಲಿಲ್ಲ?

ಮೊಬೈಲ್ ಕ್ಯಾಮೆರಾವನ್ನು ಪರದೆಗೆ ತೀರಾ ಹತ್ತಿರ ಹಿಡಿದು ಜೂಮ್ ಮಾಡಿದೆ. ನೀವೂ ಮಾಡಿ ನೋಡಿ. ಬಿಳಿ ಅಂತ ಕಾಣುವ ಜಾಗದಲ್ಲಿ ಬಿಳಿಯೇ ಇರುವುದಿಲ್ಲ. ಕೆಂಪು, ಹಸಿರು, ನೀಲಿ ಪಟ್ಟಿಗಳು ಸಾಲಾಗಿ ನಿಂತಿರುತ್ತವೆ. ಮೂರು ಪಟ್ಟಿ ಸೇರಿದರೆ ಒಂದು ಚುಕ್ಕೆ, ಅಂದರೆ ಪಿಕ್ಸೆಲ್. ‘ಧ’ದ ಹೊಟ್ಟೆಯ ಸೀಳು ಒಂದೇ ಒಂದು ಪಿಕ್ಸೆಲ್ ಆಗಿತ್ತು. ಅದೂ ಕಪ್ಪಲ್ಲ, ಮಾಸಲು ಬೂದು.

ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ನನ್ನ ಹಳೇ ಮಾನಿಟರ್ ಫುಲ್ ಎಚ್‌ಡಿ, ಅಡ್ಡಕ್ಕೆ 1920, ಎತ್ತರಕ್ಕೆ 1080 ಪಿಕ್ಸೆಲ್. ಹೊಸದೂ ಅಷ್ಟೇ! ಇಂಚು ಜಾಸ್ತಿಯಾಯಿತು, ಚುಕ್ಕೆ ಜಾಸ್ತಿಯಾಗಲಿಲ್ಲ. ಅಷ್ಟೇ ಸಂಖ್ಯೆಯ ಹೆಂಚಿನಲ್ಲಿ ದೊಡ್ಡ ಮನೆ ಹೊದಿಸಬೇಕಾದರೆ ಒಂದೊಂದು ಹೆಂಚೂ ದೊಡ್ಡದಾಗಬೇಕು ತಾನೇ? ಇಲ್ಲೂ ಅದೇ. ಎ4 ಹಾಳೆ ಪೂರ್ತಿ ಕಾಣುವಂತೆ ಇಟ್ಟುಕೊಂಡರೆ 11 ಪಾಯಿಂಟಿನ ಅಕ್ಷರಕ್ಕೆ ಸಿಗುವುದು ಸುಮಾರು ಹನ್ನೆರಡು ಪಿಕ್ಸೆಲ್ ಎತ್ತರ. ಅಷ್ಟರಲ್ಲೇ ತಲೆಕಟ್ಟು, ಗುಡಿಸು, ಅಕ್ಷರದ ಹೊಟ್ಟೆ, ಕೆಳಗಿನ ಒತ್ತು ಎಲ್ಲ ಹಿಡಿಸಬೇಕು. ಇಂಗ್ಲಿಷಿನ ಅಕ್ಷರಕ್ಕೆ ಅದು ಹೇಗೋ ಸಾಕಾಗುತ್ತದೆ. ‘ರಾಷ್ಟ್ರ’ ಅಂತ ಬರೆದು ನೋಡಿ. ಷ, ಅದಕ್ಕೆ ಟ ಒತ್ತು, ಅದಕ್ಕೆ ರ ಒತ್ತು. ಎಲ್ಲಿ ಹೋಗಬೇಕು ಪಾಪ? ‘ರ’ಕ್ಕೂ ‘ಠ’ಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಚುಕ್ಕೆ ಮಾತ್ರ. ಹಲ್ಮಿಡಿ ಇರುವುದು ನಮ್ಮ ಜಿಲ್ಲೆಯಲ್ಲೇ, ಬೇಲೂರು ತಾಲ್ಲೂಕಿನಲ್ಲಿ. ಅಲ್ಲಿನ ಶಾಸನ ಕೆತ್ತಿದವನಿಗೆ ಈ ಚೌಕಗಳ ಕಾಟ ಇರಲಿಲ್ಲ ನೋಡಿ.

ಇದಕ್ಕೆ ಮೈಕ್ರೋಸಾಫ್ಟ್ 1998ರಲ್ಲೇ ಒಂದು ಉಪಾಯ ತೋರಿಸಿತ್ತು. ಹೆಸರು ಕ್ಲಿಯರ್‌ಟೈಪ್. ಪಿಕ್ಸೆಲ್ಲಿನ ಮೂರು ಬಣ್ಣದ ಪಟ್ಟಿಗಳನ್ನು ಬೇರೆ ಬೇರೆಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ನಯ ಮಾಡುವುದು. ಜಾಣತನವೇ. ಆದರೆ ಪಟ್ಟಿಗಳು ಅಕ್ಕಪಕ್ಕ ನಿಂತಿರುವುದರಿಂದ ಲಾಭವೆಲ್ಲ ಅಡ್ಡಕ್ಕೆ. ಕನ್ನಡದ ಕಷ್ಟ ಇರುವುದು ಮೇಲೆ ಕೆಳಗೆ. ಒತ್ತು ಪೇರಿಸುವ ಲಿಪಿಗೆ ಆ ಉಪಾಯ ಅರ್ಧ ಹೊಟ್ಟೆ ಊಟ. ನಮಗೆ ಬೇಕಿರುವುದು ನಿಜವಾಗಿಯೂ ಜಾಸ್ತಿ ಚುಕ್ಕೆ.

ಎಷ್ಟು ಜಾಸ್ತಿ? ಇದಕ್ಕೆ ಕಣ್ಣಿನ ಡಾಕ್ಟರ ಗೋಡೆಯಲ್ಲಿ ಉತ್ತರವಿದೆ. ಸಾಲು ಸಾಲಾಗಿ ಅಕ್ಷರ ಚಿಕ್ಕದಾಗುತ್ತಾ ಹೋಗುವ ಆ ಚಾರ್ಟನ್ನು 1862ರಲ್ಲಿ ಪ್ರಕಟಿಸಿದ್ದು ನೆದರ್‌ಲ್ಯಾಂಡ್ಸಿನ ಹರ್ಮನ್ ಸ್ನೆಲ್ಲೆನ್. 6/6 ದೃಷ್ಟಿ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿನಷ್ಟು ಸಣ್ಣ ಗೆರೆಯನ್ನೂ ಕಣ್ಣು ಗುರುತಿಸಬಲ್ಲದು. ಮಾನಿಟರಿನಿಂದ ನಾವು ಕೂರುವ ದೂರ ಒಂದು ತೋಳಿನಳತೆ, 60 ಸೆಂಟಿಮೀಟರ್ ಅಂದುಕೊಳ್ಳಿ. ಅಲ್ಲಿಗೆ ಆ ಗೆರೆ 0.17 ಮಿಲಿಮೀಟರ್. ನನ್ನ 27 ಇಂಚಿನ ಫುಲ್ ಎಚ್‌ಡಿಯ ಒಂದೊಂದು ಪಿಕ್ಸೆಲ್ 0.31 ಮಿಲಿಮೀಟರ್. 24 ಇಂಚಿನದಾದರೆ 0.28. ಅದೇ 27 ಇಂಚಿಗೆ 2560 × 1440 ಇದ್ದರೆ 0.23. 4ಕೆ, ಅಂದರೆ 3840 × 2160 ಆದರೆ 0.16, ಅಂದರೆ ಕಣ್ಣು ಚುಕ್ಕೆ ಎಣಿಸಲು ಸೋಲುವ ಜಾಗ. ಅಲ್ಲಿ ಹೊಟ್ಟೆಯ ಸೀಳು ಸೀಳಿನ ಹಾಗೇ ಕಾಣುತ್ತದೆ.

ನನ್ನ ಇನ್ನೊಂದು ದಡ್ಡತನ ಕೇಬಲ್. ಹಳೇ ನೀಲಿ ಮೂತಿಯ ವಿಜಿಎ ಕೇಬಲನ್ನೇ ಹೊಸದಕ್ಕೂ ಚುಚ್ಚಿದ್ದೆ. 1987ರಲ್ಲಿ ಐಬಿಎಂ ತಂದ ವ್ಯವಸ್ಥೆ ಅದು. ಚಿತ್ರವನ್ನು ಏರಿಳಿಯುವ ವೋಲ್ಟೇಜಾಗಿ ಕಳಿಸುತ್ತದೆ. ಯಾವ ಏರಿಳಿತ ಯಾವ ಪಿಕ್ಸೆಲ್ಲಿಗೆ ಅನ್ನುವುದನ್ನು ಮಾನಿಟರೇ ಅಂದಾಜು ಮಾಡಿಕೊಳ್ಳಬೇಕು. ಅಂದಾಜು ಸ್ವಲ್ಪ ತಪ್ಪಿದರೂ ಅಕ್ಷರಕ್ಕೆ ನೆರಳು ಬರುತ್ತದೆ. ಚಿತ್ರವನ್ನು ಅಂಕಿಗಳಾಗಿ ಕಳಿಸುವ ಎಚ್‌ಡಿಎಂಐ ಕೇಬಲ್ ಹಾಕಿದ ದಿನವೇ ಅರ್ಧ ಮಂಜು ಇಳಿಯಿತು. ಹೊಸ ಮಾನಿಟರಿಗೆ ದುಡ್ಡು ಸುರಿಯುವ ಮೊದಲು ಸುಮ್ನೆ ಹಿಂದೆ ಬಗ್ಗಿ ಕೇಬಲ್ ನೋಡಿ.

ಹಾಗಂತ ಎಲ್ಲರೂ 4ಕೆ ತನ್ನಿ ಅನ್ನುವುದಿಲ್ಲ. ಕಂಪ್ಯೂಟರ್ ಹಳೆಯದಾಗಿ ಎಚ್‌ಡಿಎಂಐ 1.4 ಇದ್ದರೆ 4ಕೆ ಚಿತ್ರ ಸೆಕೆಂಡಿಗೆ ಮೂವತ್ತೇ ಸಲ ಬರುತ್ತದೆ, ಮೌಸ್ ಎಳೆದ ಹಾಗೆ ಅನಿಸುತ್ತದೆ. 4ಕೆಯಲ್ಲಿ ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುವ ವಿಂಡೋಸ್ ಸ್ಕೇಲಿಂಗನ್ನು ಶೇಕಡಾ 150ಕ್ಕೆ ಏರಿಸದಿದ್ದರೆ ಅಕ್ಷರ ಇರುವೆ ಸಾಲು. ಏರಿಸಿದರೆ ಕೆಲವು ಹಳೇ ಲೆಕ್ಕಪತ್ರದ ಸಾಫ್ಟ್‌ವೇರ್‌ಗಳು ರಬ್ಬರ್ ಎಳೆದಂತೆ ಮಸುಕಾಗುತ್ತವೆ. ಬರೀ ಲೆಕ್ಕ, ಇಂಗ್ಲಿಷ್ ಕೆಲಸವಾದರೆ 24 ಇಂಚಿನ ಫುಲ್ ಎಚ್‌ಡಿ ಧಾರಾಳವಾಯಿತು. ಇಡೀ ದಿನ ಕನ್ನಡ ಓದುವವರು 27 ಇಂಚಿಗೆ 1440ಕ್ಕಿಂತ ಕೆಳಗೆ ಇಳಿಯಬೇಡಿ. ಪ್ಯಾನೆಲ್ ಐಪಿಎಸ್ ಇರಲಿ, ಪಕ್ಕದಿಂದ ಬಗ್ಗಿ ನೋಡಿದರೂ ಬಣ್ಣ ಬದಲಾಗಬಾರದು. 144 ಹರ್ಟ್ಸ್, ಒಂದು ಮಿಲಿಸೆಕೆಂಡ್ ಅಂತ ಅಂಗಡಿಯವರು ಹೇಳುವುದೆಲ್ಲ ಆಟ ಆಡುವ ಹುಡುಗರಿಗೆ.

ಬೆಳಕಿನ ವಿಷಯಕ್ಕೆ ಒಂದು ಸುಲಭ ಪರೀಕ್ಷೆ. ಪರದೆಯ ಪಕ್ಕ ಬಿಳಿ ಹಾಳೆ ಹಿಡಿಯಿರಿ. ಪರದೆ ದೀಪದ ಹಾಗೆ ಉರಿದರೆ ಬ್ರೈಟ್‌ನೆಸ್ ಜಾಸ್ತಿ, ಹಾಳೆಗಿಂತ ಮಂಕಾದರೆ ಕಡಿಮೆ. ಜುಲೈಯಲ್ಲಿ ಮೋಡ ಕವಿದು ಅಂಗಡಿಯೊಳಗೆ ಕತ್ತಲಾದಾಗ ನಾನು ಅರ್ಧಕ್ಕಿಂತ ಕೆಳಗೆ ಇಳಿಸುತ್ತೇನೆ. ಕಣ್ಣು ಉರಿಯುವುದಕ್ಕೆ ನೀಲಿ ಬೆಳಕನ್ನು ಬೈಯುವುದು ಈಗ ಫ್ಯಾಷನ್. ನಿಜವಾದ ಕಾರಣ ಹೆಚ್ಚಾಗಿ ಬೇರೆ: ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಕಣ್ಣು ಒಣಗುತ್ತದೆ. ಚಾಳೀಸು ಬಂದು ಎರಡು ಭಾಗದ ಕನ್ನಡಕ ಹಾಕುವವರು ಮಾನಿಟರನ್ನು ಇನ್ನೂ ಸ್ವಲ್ಪ ಕೆಳಗಿಡಿ. ಇಲ್ಲದಿದ್ದರೆ ಕೆಳಗಿನ ಗಾಜಿನಲ್ಲಿ ನೋಡಲು ಕತ್ತು ಮೇಲೆತ್ತಿ ಎತ್ತಿ ಸಂಜೆಗೆ ನೋವು ಗ್ಯಾರಂಟಿ.

ನಾನು ಕೊನೆಗೆ 4ಕೆ ತಂದೆ. ಅಂಗಡಿಯಲ್ಲೇ ‘ದಧರಠ’ ಅಂತ ಚಿಕ್ಕದಾಗಿ ಟೈಪ್ ಮಾಡಿಸಿ ನೋಡಿ ತಂದದ್ದು. ಹುಡುಗ ನಕ್ಕ, ನಗಲಿ. ಹಳೇ 27 ಇಂಚಿನದು ಈಗ ಗಿರಾಕಿಗಳ ಬೆಂಚಿನ ಕಡೆ ಮುಖ ಮಾಡಿದೆ, ಪ್ರೂಫ್ ತೋರಿಸಲು. ಬೆಂಚು ನಾಲ್ಕು ಅಡಿ ದೂರ. ಅಷ್ಟು ದೂರಕ್ಕೆ 0.31 ಮಿಲಿಮೀಟರಿನ ಚುಕ್ಕೆ ಕಣ್ಣಿಗೆ ಸಿಗುವುದಿಲ್ಲ, ಅಕ್ಷರ ಅಚ್ಚು ಹಾಕಿದಂತೆ ಕಾಣುತ್ತದೆ. “ಇದು ಭಾಳ ಚೆನ್ನಾಗಿದೆ, ಎಷ್ಟಾಯ್ತು ಸಾರ್?” ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ.