ತಪ್ಪು ಕೋವಿಯದೋ, ಕೈಯದೋ? ಮರಳಿನ ಚೀಲವನ್ನು ಕೇಳಿ

ಕೊಡಗಿನಲ್ಲಿ ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧ ಪೂಜೆಯ ಹಬ್ಬ, ಹತ್ತಿರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡಿ ಎನ್ನುವವರೇ ಜಾಸ್ತಿ. ಹೀಗೇ ಪೊನ್ನಂಪೇಟೆ ಕಡೆಯ ಹುಡುಗನೊಬ್ಬ ತಂದೆಯ ಜೊತೆ ಬಂದ. "ಸರ್, ರೈಫಲ್ ಎಡಕ್ಕೆ ಹೊಡೀತಿದೆ. ಸೈಟ್ ಸರಿ ಮಾಡಿಕೊಡಿ" ಅಂದ. ಪಾಯಿಂಟ್ 22 ರೈಫಲ್, 50 ಮೀಟರ್ ದೂರ. ಸೈಟ್ ಅಂದರೆ ರೈಫಲಿನ ಮೇಲೆ ಗುರಿ ನೋಡುವ ಸಾಧನ. ನಾನು ಅದನ್ನು ಮುಟ್ಟಲಿಲ್ಲ. ಎರಡು ಮರಳಿನ ಚೀಲ ತಂದಿಟ್ಟೆ.

ಮುಂದೆ ಮರದ ಭಾಗದ ಕೆಳಗೆ ಒಂದು, ಹಿಂದೆ ಭುಜಕ್ಕೆ ಆನಿಸುವ ಬಟ್ಟಿನ ಕೆಳಗೆ ಒಂದು. ಐದು ಗುಂಡು ಹೊಡೆಸಿದೆ. ಐದೂ ನಡುವಿಗೇ ಬಿದ್ದವು, ಒಂದು ನಾಣ್ಯದಿಂದ ಮುಚ್ಚುವಷ್ಟು ಹತ್ತಿರ ಹತ್ತಿರ. ಚೀಲ ತೆಗೆದೆ. ಮತ್ತೆ ಎಡಕ್ಕೆ!

"ಸ್ಪರ್ಧೆಯಲ್ಲಿ ಚೀಲ ಕೊಡಲ್ಲ ಅಲ್ವಾ ಸರ್?" ಎಂದರು ತಂದೆ. ನಿಜ. ಆದರೆ ಚೀಲ ಇಡುವುದು ಗುರಿ ಸುಲಭವಾಗಲಿ ಅಂತಲ್ಲ. ತಪ್ಪು ಯಾರದು ಅಂತ ತಿಳಿಯಲಿಕ್ಕೆ. ಚೀಲದ ಮೇಲಿಟ್ಟು ಹೊಡೆದರೂ ಗುಂಡು ಚದುರಿದರೆ ಸ್ಕ್ರೂ ಸಡಿಲವೇ, ಸೈಟ್ ಅಲುಗುತ್ತಿದೆಯೇ, ತೋಟಾ ಬದಲಾಗಿದೆಯೇ ಎಂದು ನೋಡಬೇಕು. ಚದುರದಿದ್ದರೆ ರೈಫಲ್ ಚೆನ್ನಾಗಿದೆ, ನೋಡಬೇಕಾದ್ದು ಮೈಯನ್ನು.

ಆದರೆ ನಳಿಗೆಯನ್ನು ಚೀಲದ ಮೇಲೆ ಇಡಲೇಬೇಡಿ. ಗುಂಡು ಹಾರುವಾಗ ನಳಿಗೆ ನಡುಗುತ್ತದೆ. ಅದಕ್ಕೆ ಏನಾದರೂ ತಾಗಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಚೀಲಕ್ಕೆ ದುಡ್ಡು ಸುರಿಯಬೇಕಿಲ್ಲ. ಹಳೇ ಜೀನ್ಸ್ ಪ್ಯಾಂಟಿನ ಕಾಲು, ಜರಡಿ ಹಿಡಿದ ಹೊಳೆ ಮರಳು ಸಾಕು. ಆದರೆ ನಮ್ಮ ಮಳೆಗಾಲ ಗೊತ್ತಲ್ಲ? ಮರಳು ತೇವ ಹಿಡಿದು ಕಲ್ಲಾಗುತ್ತದೆ, ಗಟ್ಟಿ ಚೀಲದ ಮೇಲೆ ರೈಫಲ್ ಕುಣಿಯುತ್ತದೆ. ಬಿಸಿಲು ಕಂಡ ದಿನ ಮರಳನ್ನು ಸುರಿದು ಒಣಗಿಸಿ.

ಚೀಲದ ನಂತರ ಸ್ಲಿಂಗ್, ಅಂದರೆ ತೋಳಿಗೆ ಬಿಗಿಯುವ ಪಟ್ಟಿ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ. ಸರಿಯಾಗಿ ಬಿಗಿದರೆ ರೈಫಲಿನ ಭಾರವನ್ನು ಪಟ್ಟಿ ಮತ್ತು ಮೂಳೆ ಹೊರುತ್ತವೆ, ಸ್ನಾಯು ಸುಮ್ನೆ ಇರುತ್ತದೆ. ಸೈಟಿನೊಳಗೆ ನೋಡುವಾಗ ಗುರಿ ಒಂದೇ ಲಯದಲ್ಲಿ ಮಿಡಿಯುತ್ತಿದೆಯೇ? ಅದು ನಿಮ್ಮದೇ ನಾಡಿ. ಪಟ್ಟಿ ರಕ್ತನಾಳದ ಮೇಲೆ ಕೂತಿದೆ. ಸ್ವಲ್ಪ ಮೇಲಕ್ಕೆ, ತೋಳಿನ ಹೊರಬದಿಗೆ ಸರಿಸಿ ನೋಡಿ. ಚರ್ಮದ ಪಟ್ಟಿ ತೇವಕ್ಕೆ ಹಿಗ್ಗುತ್ತದೆ, ಹಾಗಾಗಿ ಯಾವ ತೂತಿಗೆ ಹಾಕಿದಿರಿ ಎಂದು ಬರೆದಿಟ್ಟರೆ ಸಾಲದು, ಪ್ರತಿ ಸಲವೂ ಬಿಗಿ ನೋಡಿಕೊಳ್ಳಬೇಕು.

ಒಲಿಂಪಿಕ್ಸಿನ 50 ಮೀಟರ್ ತ್ರೀ ಪೊಸಿಷನ್ ರೈಫಲ್ ಸ್ಪರ್ಧೆಯಲ್ಲಿ ಮಂಡಿಯೂರಿ, ಮಲಗಿ, ನಿಂತು ಹೊಡೆಯಬೇಕು. ಹತ್ತು ಅಂಕದ ವೃತ್ತ 10.4 ಮಿಲಿಮೀಟರ್ ಅಷ್ಟೇ. ಮರಳಿನ ಚೀಲಕ್ಕೆ ಅಲ್ಲಿ ಅವಕಾಶವಿಲ್ಲ. ಸ್ಲಿಂಗ್ ಇದೆ, ಆದರೆ ನಿಂತಾಗ ಅದೂ ಇಲ್ಲ. ಮಂಡಿಯೂರುವಾಗ ಪಾದದ ಕೆಳಗೆ ಸಣ್ಣ ದಿಂಬು ಇಟ್ಟುಕೊಳ್ಳಬಹುದು. ಶೂಟಿಂಗಿಗೆ ಹಾಕುವ ದಪ್ಪ ಜಾಕೆಟ್ ಬೆನ್ನಿಗೆ ಆಸರೆ, ಹೌದು. ಆದರೆ ಮೊದಲ ತಿಂಗಳೇ ಕೊಳ್ಳಬೇಡಿ ಎಂದು ಎಲ್ಲ ತಂದೆತಾಯಿಗೂ ಹೇಳುತ್ತೇನೆ. ಬೆಳೆಯುವ ಮಕ್ಕಳಿಗೆ ಅದು ಬೇಗ ಚಿಕ್ಕದಾಗುತ್ತದೆ.

ಆ ಹುಡುಗನನ್ನು ಸ್ಲಿಂಗ್ ಹಾಕಿ ಮಲಗಿಸಿದೆ. ಖಾಲಿ ರೈಫಲ್. ಗುರಿ ಹಿಡಿ, ಕಣ್ಣು ಮುಚ್ಚು, ಎರಡು ಸಲ ಉಸಿರಾಡು, ಈಗ ಕಣ್ಣು ಬಿಡು ಅಂದೆ. ಸೈಟ್ ಗುರಿಯಿಂದ ಎಡಕ್ಕೆ ಸರಿದಿತ್ತು. ಅವನ ಮೈ ತಾನಾಗಿ ತಿರುಗಿದ್ದ ದಿಕ್ಕು ಅದೇ. ಇಷ್ಟು ದಿನ ಅವನು ಅದನ್ನು ಕೈಬಲದಿಂದ ಬಲಕ್ಕೆ ಎಳೆದು ಹಿಡಿದಿದ್ದ. ಕುದುರೆ, ಅಂದರೆ ಟ್ರಿಗರ್, ಒತ್ತುವಾಗ ಕೈ ಸಡಿಲಾಗಿ ಗುಂಡು ಎಡಕ್ಕೆ ಹೋಗುತ್ತಿತ್ತು. ಎಡ ಮೊಣಕೈ ಕದಲಿಸದೆ ಎರಡೂ ಕಾಲನ್ನು ಒಂದು ಗೇಣು ಎಡಕ್ಕೆ ಸರಿಸು ಅಂದೆ. ಮತ್ತೆ ಕಣ್ಣು ಮುಚ್ಚಿದ, ಬಿಟ್ಟ.

"ಸರ್, ತಾನಾಗೇ ಮಧ್ಯಕ್ಕೆ ಬಂತು!" ಅಂದ.