ಆಟಿಯ ಮಧ್ಯಾಹ್ನ ಹೊತ್ತಿಕೊಳ್ಳುವ ದೀಪ

ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ಮಲ್ಪೆಯ ಕಡಲ ಕಡೆಯಿಂದ ಮೋಡ ಕವಿದು ಬಂದರೆ ಉಡುಪಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೇ ಮುಸ್ಸಂಜೆ. ಆಗ ನಮ್ಮ ಅಂಗಳದ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಅದಕ್ಕೆ ಗಡಿಯಾರದ ಹಂಗಿಲ್ಲ, ಆಕಾಶವನ್ನು ನೋಡುವ ಕಣ್ಣಿದೆ.

ಆ ಕಣ್ಣಿನ ಹೆಸರು ಎಲ್‌ಡಿಆರ್, ಬೆಳಕಿಗೆ ಸ್ಪಂದಿಸುವ ರೋಧಕ, ಅಂದರೆ ವಿದ್ಯುತ್ತಿನ ಹರಿವಿಗೆ ತಡೆ ಒಡ್ಡುವ ಬಿಡಿಭಾಗ. ಕಡಲೆಬೇಳೆಯಷ್ಟು ಅಗಲದ ಬಿಲ್ಲೆ, ಅದರ ಮುಖದ ಮೇಲೆ ಅಂಕುಡೊಂಕಾದ ಕಿತ್ತಳೆ ಗೆರೆ. ಭೂತಕನ್ನಡಿ ಹಿಡಿದು ನೋಡಿ: ಎರಡು ಲೋಹದ ಬಾಚಣಿಗೆಗಳ ಹಲ್ಲುಗಳು ಒಂದರೊಳಗೊಂದು ತೂರಿಕೊಂಡಿವೆ, ನಡುವಿನ ಸಂದಿಯಲ್ಲಿ ಕಾಣುವುದೇ ಕ್ಯಾಡ್ಮಿಯಂ ಸಲ್ಫೈಡ್. ಕತ್ತಲಲ್ಲಿ ಅದರ ಎಲೆಕ್ಟ್ರಾನುಗಳು ಪರಮಾಣುಗಳ ನಡುವಿನ ಬಂಧದಲ್ಲೇ ಸಿಕ್ಕಿಕೊಂಡಿರುತ್ತವೆ, ರೋಧ ಲಕ್ಷಾಂತರ ಓಮ್‌ಗೆ ಏರುತ್ತದೆ. ಬೆಳಕು ಬಿದ್ದಾಗ ಬಿಡುಗಡೆಯಾಗಿ ಹರಿಯುತ್ತವೆ, ರೋಧ ಒಂದೆರಡು ಸಾವಿರ ಓಮ್‌ಗೆ, ಇನ್ನೂ ಕೆಳಗೆ ಇಳಿಯುತ್ತದೆ. ನನಗೆ ತುಂಬ ಇಷ್ಟವಾದ ಸಂಗತಿಯೆಂದರೆ, ಈ ವಸ್ತು ಹಸಿರು ಬೆಳಕಿನ ಆಸುಪಾಸಿನಲ್ಲೇ ಹೆಚ್ಚು ಚುರುಕು. ಹಗಲಲ್ಲಿ ನಮ್ಮ ಕಣ್ಣೂ ಹಾಗೆಯೇ. ಹೀಗಾಗಿ ನಮಗೆ ಮಬ್ಬೆನಿಸಿದ್ದು ಅದಕ್ಕೂ ಮಬ್ಬು.

ಈ ಗುಣ ಮೊದಲು ಗಮನಕ್ಕೆ ಬಂದದ್ದು ಸೆಲೆನಿಯಂನಲ್ಲಿ. ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ ಪರೀಕ್ಷಿಸಲು ಅದರ ಸರಳುಗಳನ್ನು ಬಳಸುತ್ತಿದ್ದ ಇಂಗ್ಲೆಂಡಿನ ವಿಲೋಬಿ ಸ್ಮಿತ್ 1873ರಲ್ಲಿ ಇದನ್ನು ಪ್ರಕಟಿಸಿದ.

ಎಲ್‌ಡಿಆರ್ ಒಂದೇ ಇದ್ದರೆ ದೀಪ ಉರಿಯದು. 5 ವೋಲ್ಟ್‌ನಿಂದ 10 ಕಿಲೋ ಓಮ್‌ನ ಸಾದಾ ರೋಧಕ, ಅದರ ಕೆಳಗೆ ಎಲ್‌ಡಿಆರ್, ಕೊನೆಗೆ ನೆಲ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟ್‌ನ ತುದಿ. ಹಗಲಲ್ಲಿ ಎಲ್‌ಡಿಆರ್ 1 ಕಿಲೋ ಓಮ್ ಇದ್ದರೆ ಇವೆರಡೂ ಕೂಡುವಲ್ಲಿ ಅರ್ಧ ವೋಲ್ಟ್‌ಗಿಂತ ಕಡಿಮೆ. ಕತ್ತಲಾದಂತೆ ಅಲ್ಲಿನ ವೋಲ್ಟೇಜ್ ಏರುತ್ತದೆ, ಸುಮಾರು 0.6 ವೋಲ್ಟ್ ದಾಟಿದೊಡನೆ ಅಲ್ಲಿಗೆ ಜೋಡಿಸಿದ ಟ್ರಾನ್ಸಿಸ್ಟರ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್ಚು ಎಚ್ಚೆತ್ತು ರಿಲೇಯನ್ನು, ಅಂದರೆ ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್ಚನ್ನು, ಎಳೆಯುತ್ತದೆ, ದೀಪ ಉರಿಯುತ್ತದೆ. ಎಷ್ಟು ಕತ್ತಲಾದರೆ ಉರಿಯಬೇಕೆಂದು ನಿರ್ಧರಿಸುವುದು ಮೇಲಿನ ಸಾದಾ ರೋಧಕ: ಅದನ್ನು ಹೆಚ್ಚಿಸಿದಷ್ಟೂ ದೀಪ ತಡವಾಗಿ ಹೊತ್ತುತ್ತದೆ.

ಮೊದಲು ನಾನು ಕಣ್ಣನ್ನು ದೀಪದ ಕೆಳಗೇ ಕೂರಿಸಿದ್ದೆ. ದೀಪ ಹೊತ್ತಿತು, ತನ್ನ ಬೆಳಕನ್ನೇ ಹಗಲೆಂದು ತಿಳಿದು ಆರಿತು, ಮತ್ತೆ ಹೊತ್ತಿತು. ರಿಲೇ ಟಕಟಕ ಎನ್ನುತ್ತಲೇ ಇತ್ತು. ಈಗ ಕಣ್ಣು ಹೆಂಚಿನ ಮಾಡಿನ ಆಚೆ ಬದಿಯಲ್ಲಿ ಪಡುವಣಕ್ಕೆ ಮುಖ ಮಾಡಿದೆ. ಮಿಂಚು ಹೊಡೆದಾಗ ಆರಿಹೋಗುವ ಕಾಟ ಆಮೇಲೂ ಉಳಿದಿತ್ತು. ಟ್ರಾನ್ಸಿಸ್ಟರ್‌ನ ದಾರಿಯಲ್ಲಿ ಇನ್ನೊಂದು ರೋಧಕ ಮತ್ತು ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಕೆಪಾಸಿಟರ್ ಇಟ್ಟು ಕೆಲವು ಸೆಕೆಂಡಿನ ತಡ ಕೊಟ್ಟ ಮೇಲೆ, ಎಷ್ಟೇ ಮಿಂಚಿದರೂ ಅಂಗಳದಲ್ಲಿ ಬೆಳಕು ನಿಂತಿರುತ್ತದೆ.