ಪೆಟ್ಟು ಗನ್ನಿನದು, ಕೆಲಸ ಹಿಂದಿರುವ ಕಬ್ಬಿಣದ್ದು

ಅಲ್ಯೂಮಿನಿಯಂ ದೋಣಿ ಸೋರುತ್ತಿದ್ದರೆ ಸೋರುವ ಜಾಗ ಹುಡುಕಲು ಒಂದು ಹಳೆಯ ಉಪಾಯವಿದೆ. ದೋಣಿಯನ್ನು ದಡಕ್ಕೆ ಎಳೆದು, ಒಣಗಿಸಿ, ಒಳಗೆ ನೀರು ಹಾಕುವುದು. ಹೊರಗಿನ ನೀರು ಒಳಗೆ ಬಂದ ದಾರಿಯಲ್ಲೇ ಒಳಗಿನ ನೀರು ಹೊರಗೆ ಹೋಗಬೇಕಲ್ವಾ? ಬಗ್ಗಿ ನೋಡಿದರೆ ತಳದ ಜೋಡಣೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಹನಿ ಕಾಣುತ್ತದೆ. ಹೆಚ್ಚಿನ ಹನಿಗಳ ಹಿಂದೆ ಒಂದು ಸಡಿಲ ರಿವೆಟ್, ಅಂದರೆ ಎರಡು ತಗಡುಗಳನ್ನು ಜೋಡಿಸಿ ಹಿಡಿಯುವ ಲೋಹದ ಗೂಟ, ಇರುತ್ತದೆ. ಅದರ ಸುತ್ತ ಮಾರ್ಕರಿನಲ್ಲಿ ಒಂದು ಸೊನ್ನೆ ಬರೆದುಕೊಳ್ಳಿ.

ನೀರು ಮಾತ್ರ ಜಾಸ್ತಿ ಹಾಕಬೇಡಿ. 4 ಮೀಟರ್ ಉದ್ದ, 1.2 ಮೀಟರ್ ಅಗಲದ ತಳದಲ್ಲಿ 10 ಸೆಂಟಿಮೀಟರ್ ನೀರು ನಿಂತರೆ 480 ಕಿಲೋ ಆಯಿತು. ನೀರಿನಲ್ಲಿ ತೇಲುವಾಗ ದೋಣಿಗೆ ಹೊರಗಿನ ನೀರಿನ ಆಸರೆ ಇರುತ್ತದೆ. ನೆಲದ ಮೇಲೆ ಆ ಆಸರೆ ಇಲ್ಲ.

ಸೊನ್ನೆಗಳನ್ನು ಎಣಿಸಿದ ಮೇಲೆ ಏಳುವ ಪ್ರಶ್ನೆ ಉಪಕರಣದ್ದು. ಗಾಳಿಯ ಒತ್ತಡದಿಂದ ರಿವೆಟ್ ಬಡಿಯುವ, ವಿಮಾನ ಕಟ್ಟುವವರು ಬಳಸುವ ರಿವೆಟ್ ಗನ್ ದುಬಾರಿ. ಅದೇ ಜಾತಿಯ ಅಗ್ಗದ ಏರ್ ಹ್ಯಾಮರ್, ಅಂದರೆ ಗ್ಯಾರೇಜುಗಳಲ್ಲಿ ತುಕ್ಕು ಹಿಡಿದ ಸೈಲೆನ್ಸರ್ ಕತ್ತರಿಸಲು ಬಳಸುವ ಗಾಳಿ ಸುತ್ತಿಗೆ, ಎಲ್ಲ ಕಡೆ ಸಿಗುತ್ತದೆ. ಅದರಿಂದ ದೋಣಿಯ ರಿವೆಟ್ ಹೊಡೆಯಬಹುದಾ? ಹೊಡೆಯಬಹುದು. ನನ್ನನ್ನು ಕೇಳಿದರೆ, ಈ ಕೆಲಸದಲ್ಲಿ ಗನ್ನಿಗೆ ಸಿಗಬೇಕಾದ್ದಕ್ಕಿಂತ ಹೆಚ್ಚು ಮರ್ಯಾದೆ ಸಿಕ್ಕಿದೆ.

ಮೊದಲು ರಿವೆಟ್ಟನ್ನೇ ನೋಡೋಣ. ಹಳೆಯ ಉಕ್ಕಿನ ಹಡಗುಗಳಲ್ಲಿ ರಿವೆಟ್ಟನ್ನು ಕೆಂಪಗೆ ಕಾಯಿಸಿ ಹೊಡೆಯುತ್ತಿದ್ದರು. ತಣ್ಣಗಾಗುತ್ತಾ ಅದು ಕುಗ್ಗುತ್ತಿತ್ತು. ಕುಗ್ಗುವಾಗ ಎರಡು ತಗಡುಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುತ್ತಿತ್ತು. ಅಲ್ಯೂಮಿನಿಯಂ ದೋಣಿಯ ರಿವೆಟ್ಟನ್ನು ಯಾರೂ ಕಾಯಿಸುವುದಿಲ್ಲ. ಅದು ಹಿಡಿಯುವ ರೀತಿಯೇ ಬೇರೆ. ಪೆಟ್ಟು ಬಿದ್ದಾಗ ಅದರ ಕಾಂಡ ಗಿಡ್ಡವಾಗುತ್ತದೆ, ಜೊತೆಗೆ ದಪ್ಪವಾಗುತ್ತದೆ. ದಪ್ಪವಾಗಿ ತೂತಿನ ಗೋಡೆಗೆ ಒತ್ತಿಕೊಳ್ಳುತ್ತದೆ. ನೀರನ್ನು ತಡೆಯುವುದು ಬಹುಪಾಲು ಈ ಒತ್ತು. ಹೊರಗೆ ಕಾಣುವ ಗುಂಡಗಿನ ತಲೆಯನ್ನೇ ನಾವು ರಿವೆಟ್ ಅಂದುಕೊಂಡಿರುತ್ತೇವೆ.

ಎಷ್ಟು ಉದ್ದದ ರಿವೆಟ್ ಬೇಕು ಅನ್ನುವುದಕ್ಕೆ ವಿಮಾನದವರ ಸೂತ್ರವಿದೆ: ತಗಡುಗಳ ಒಟ್ಟು ದಪ್ಪ, ಅದರ ಮೇಲೆ ರಿವೆಟ್ಟಿನ ವ್ಯಾಸದ ಒಂದೂವರೆ ಪಟ್ಟು. ಹೊಡೆದ ಮೇಲೆ ಒಳಗಡೆ ಮೂಡುವ ಚಪ್ಪಟೆ ತಲೆ ಕಾಂಡದ ಒಂದೂವರೆ ಪಟ್ಟು ಅಗಲ, ಕಡೇಪಕ್ಷ ಅರ್ಧ ಪಟ್ಟು ಎತ್ತರ ಇರಬೇಕು. ಇದು ಬಾಯಿಪಾಠದ ಸೂತ್ರದಂತೆ ಕಂಡರೂ ಲೆಕ್ಕಕ್ಕೆ ಸಿಗುತ್ತದೆ. ಲೋಹ ಎಲ್ಲೂ ಮಾಯವಾಗುವುದಿಲ್ಲ, ಅದರ ಗಾತ್ರ ಅಷ್ಟೇ ಇರುತ್ತದೆ. ಒಂದೂವರೆ ಪಟ್ಟು ಅಗಲ ಅಂದರೆ ವಿಸ್ತೀರ್ಣ 2.25 ಪಟ್ಟು. ಅದನ್ನು ಅರ್ಧದಿಂದ ಗುಣಿಸಿದರೆ 1.125. ಅಂದರೆ ಹೊರಚಾಚಿದ ಒಂದೂವರೆ ವ್ಯಾಸದಷ್ಟು ಉದ್ದದಲ್ಲಿ ತಲೆ ಮಾಡಲು 1.125 ಸಾಕು. ಉಳಿದ ಕಾಲು ಭಾಗದಲ್ಲಿ ಸ್ವಲ್ಪ ತೂತಿನೊಳಗಿನ ಸಂದು ತುಂಬುತ್ತದೆ. ಮಿಕ್ಕಿದ್ದು ತಲೆಯನ್ನು ಒಂಚೂರು ಎತ್ತರಿಸುತ್ತದೆ. ತೂತು ದೊಡ್ಡದಾಗಿದ್ದರೆ ಈ ಮಿಗತೆ ಸಾಲದು. ಹಳೆಯ ದೋಣಿಯಲ್ಲಿ ಆಗಿರುವುದೇ ಅದು. ಅಲೆಗೆ ತಳ ಬಾಗುತ್ತದೆ, ತಗಡುಗಳು ಕೂದಲೆಳೆಯಷ್ಟು ಜಾರುತ್ತವೆ, ತೂತು ನಿಧಾನವಾಗಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಗ ಒಂದು ಅಳತೆ ಹೆಚ್ಚು ದಪ್ಪದ ರಿವೆಟ್ ಹಾಕುವುದೇ ದಾರಿ.

ವಿಮಾನದ ಮಾತು ಪದೇ ಪದೇ ಬರುತ್ತಿರುವುದಕ್ಕೆ ಕಾರಣವಿದೆ. ಅಮೆರಿಕದ ಗ್ರುಮನ್ ಕಂಪನಿ ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನ ಕಟ್ಟುತ್ತಿತ್ತು. 1944ರಲ್ಲಿ ಅದರ ಹಿರಿಯ ಅಧಿಕಾರಿ ವಿಲಿಯಂ ಹಾಫ್‌ಮನ್ ರಜೆಯಲ್ಲಿ ಮರ ಮತ್ತು ಕ್ಯಾನ್ವಾಸಿನ ಕನೂ ದೋಣಿಯನ್ನು ಹೊತ್ತು ಸುಸ್ತಾದರು. ಇದನ್ನು ಅಲ್ಯೂಮಿನಿಯಂನಲ್ಲೇ ಮಾಡಬಾರದೇಕೆ ಅನ್ನಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಕಂಪನಿ ವಿಮಾನದ ತಗಡು, ವಿಮಾನದ ರಿವೆಟ್ ವಿದ್ಯೆ ಎರಡನ್ನೂ ದೋಣಿಗೆ ತಂದಿತ್ತು.

ಈಗ ಗನ್. ಒಳಗೆ ಒಂದು ಕೊಳವೆ, ಅದರಲ್ಲಿ ಓಡಾಡುವ ಉಕ್ಕಿನ ಪಿಸ್ಟನ್. ಹಿಂದಿನಿಂದ ಗಾಳಿ ತಳ್ಳುತ್ತದೆ, ಪಿಸ್ಟನ್ ಮುಂದೆ ಹೋಗಿ ರಿವೆಟ್ ಸೆಟ್ಟಿಗೆ, ಅಂದರೆ ರಿವೆಟ್ ತಲೆಗೆ ಒತ್ತಿಕೊಂಡಿರುವ ಉಕ್ಕಿನ ತುಂಡಿಗೆ, ಗುದ್ದುತ್ತದೆ, ಕವಾಟ ತಿರುಗಿ ಗಾಳಿ ಅದನ್ನು ವಾಪಸ್ ಕಳಿಸುತ್ತದೆ. ಇಷ್ಟೇ. ಬಹಳಷ್ಟು ಅಗ್ಗದ ಗನ್ನುಗಳಲ್ಲಿ ಕೊಳವೆಯ ಒಳವ್ಯಾಸ 19 ಮಿಲಿಮೀಟರ್. 90 ಪಿಎಸ್‌ಐ (ಚದರ ಇಂಚಿಗೆ 90 ಪೌಂಡ್) ಒತ್ತಡದಲ್ಲಿ ಪಿಸ್ಟನ್ ಮೇಲೆ ಬೀಳುವ ಬಲ ಸುಮಾರು 176 ನ್ಯೂಟನ್, ಅಂದರೆ 18 ಕಿಲೋ ತೂಕದಷ್ಟು. ಇದು ಏನೇನೂ ಅಲ್ಲ. ಆದರೆ ಆ ಬಲ ಪಿಸ್ಟನ್ನನ್ನು ಎಷ್ಟು ದೂರ ಓಡಿಸುತ್ತದೆ ಅನ್ನುವುದು ಮುಖ್ಯ. ಗಿಡ್ಡ ಕೊಳವೆಯ ಗನ್ನಿನಲ್ಲಿ ಓಟ 41 ಮಿಲಿಮೀಟರ್. ಗುಣಿಸಿದರೆ ಒಂದು ಪೆಟ್ಟಿಗೆ ಹೆಚ್ಚೆಂದರೆ ಸುಮಾರು 7 ಜೂಲ್. ಉದ್ದ ಕೊಳವೆಯದರಲ್ಲಿ ಓಟ 90 ಮಿಲಿಮೀಟರ್, ಪೆಟ್ಟಿಗೆ ಸುಮಾರು 16 ಜೂಲ್. ಗಿಡ್ಡದ್ದು ನಿಮಿಷಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಬಡಿಯುತ್ತದೆ. ಉದ್ದದ್ದು ಅದರ ಸುಮಾರು ಅರ್ಧದಷ್ಟು.

ಅಕ್ಕಸಾಲಿಗನ ಸುತ್ತಿಗೆಗೂ ಕಮ್ಮಾರನ ಸುತ್ತಿಗೆಗೂ ಇರುವ ವ್ಯತ್ಯಾಸವೇ ಇಲ್ಲೂ ಇದೆ. ಹಗುರ ಪೆಟ್ಟು ಲೋಹದ ತುದಿಯನ್ನು ಮಾತ್ರ ತಟ್ಟಿ ಅಣಬೆಯಂತೆ ಅರಳಿಸುತ್ತದೆ. ಭಾರದ ಪೆಟ್ಟಿನ ಒತ್ತಡ ಕಾಂಡದ ಉದ್ದಕ್ಕೂ ಇಳಿದು, ತೂತಿನೊಳಗಿನ ಭಾಗವನ್ನೂ ಉಬ್ಬಿಸುತ್ತದೆ. ನಮಗೆ ಬೇಕಾದ್ದು ಎರಡನೆಯದು. ಹಾಗಾಗಿ ಎರಡು ಅಗ್ಗದ ಗನ್ನುಗಳಲ್ಲಿ ಆರಿಸುವುದಿದ್ದರೆ ಕಣ್ಣು ಮುಚ್ಚಿ ಉದ್ದ ಕೊಳವೆಯದನ್ನು ಆರಿಸಿ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ "ನಿಮಿಷಕ್ಕೆ ಇಷ್ಟು ಪೆಟ್ಟು" ನೋಡಿ ಮರುಳಾಗಬೇಡಿ.

ಇನ್ನೊಂದು ಕಾರಣವೂ ಇದೆ. ತಣ್ಣಗಿನ ಅಲ್ಯೂಮಿನಿಯಂ ಬಾಗಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ತಂತಿಯೊಂದನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸಿ ನೋಡಿ. ಮೊದಲು ಸುಲಭ, ಆಮೇಲೆ ಬಿಗಿ, ಕೊನೆಗೆ ಪಟ್ ಅಂತ ತುಂಡು. ಹರಳುಗಳ ಒಳಗಿನ ಪದರುಗಳು ಜಾರಿ ಜಾರಿ ಒಂದಕ್ಕೊಂದು ಸಿಕ್ಕುಬಿದ್ದ ಸ್ಥಿತಿ ಅದು. ಚಪ್ಪಟೆಯಾದ ತುದಿಯನ್ನೇ ಸುಮ್ನೆ ಕುಟ್ಟುತ್ತಾ ಕೂತರೆ ತಲೆಯ ಅಂಚು ಬಿರುಕು ಬಿಡುತ್ತದೆ. ಒಂದು ರಿವೆಟ್ ಎರಡು ಮೂರು ಸೆಕೆಂಡಿನಲ್ಲಿ ಮುಗಿಯಬೇಕು.

ಇನ್ನು ತಲೆಬರಹದ ಕಬ್ಬಿಣ. ಹೊರಗಿನಿಂದ ಗನ್ ಹೊಡೆಯುವಾಗ ಒಳಗಡೆ ಇನ್ನೊಬ್ಬರು ರಿವೆಟ್ಟಿನ ಬಾಲಕ್ಕೆ ಒಂದು ಭಾರದ ಲೋಹದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಇದಕ್ಕೆ ಬಕಿಂಗ್ ಬಾರ್ ಅನ್ನುತ್ತಾರೆ. ನಿಜವಾದ ತಲೆ ಮೂಡುವುದು ಈ ಗಟ್ಟಿಯ ಕಡೆ. ಕುಲುಮೆಯ ಅಡಿಗಲ್ಲಿನ ಕೆಲಸ ಇದರದ್ದು. ಆದರೆ ಅಡಿಗಲ್ಲು ನೆಲಕ್ಕೆ ನಾಟಿರುತ್ತದೆ, ಇದು ಕೈಯಲ್ಲಿರುತ್ತದೆ. ಹಾಗಾದರೆ ಪೆಟ್ಟಿಗೆ ಇದು ಹಿಂದೆ ಸರಿಯುವುದಿಲ್ಲವೇ?

ಸರಿಯುತ್ತದೆ. ಎಷ್ಟು ಅನ್ನುವುದೇ ವಿಷಯ. ಸರಳವಾದ ಒಂದು ಲೆಕ್ಕ ಹಾಕೋಣ. ಪಿಸ್ಟನ್ 100 ಗ್ರಾಂ, ಪೆಟ್ಟು 10 ಜೂಲ್ ಅಂತಿಟ್ಟುಕೊಳ್ಳಿ. ಆಗ ಅದರ ವೇಗ ಸೆಕೆಂಡಿಗೆ ಸುಮಾರು 14 ಮೀಟರ್. ಆ ಓಟದ ಸಂವೇಗ ಪೂರ್ತಿ ಹಿಂದಿನ ಗಟ್ಟಿಗೆ ದಾಟಿತು ಅನ್ನಿ. ಗಟ್ಟಿ 200 ಗ್ರಾಂ ಇದ್ದರೆ ಅದು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ನೆಗೆದು ಸುಮಾರು 5 ಜೂಲ್ ಹೊತ್ತೊಯ್ಯುತ್ತದೆ. ಅರ್ಧ ಪೆಟ್ಟು ನಷ್ಟ! 1 ಕಿಲೋ ಗಟ್ಟಿಯಾದರೆ ಹೊತ್ತೊಯ್ಯುವುದು 1 ಜೂಲ್ ಮಾತ್ರ. ನಿಜ ಜೀವನದಲ್ಲಿ ತಗಡು, ಸೆಟ್ಟು, ಹಿಡಿದ ಕೈ ಎಲ್ಲವೂ ಪಾಲು ಕೇಳುತ್ತವೆ, ಲೆಕ್ಕ ಇಷ್ಟು ಚೊಕ್ಕವಿರುವುದಿಲ್ಲ. ಆದರೂ ಬರುವ ತೀರ್ಮಾನ ಇದೇ. ಹಗುರ ಗಟ್ಟಿ ಹಿಡಿದು ಗನ್ ಸರಿಯಿಲ್ಲ ಅಂತ ಬೈಯುವವರು ಬಹಳ. ಅವರು ಗಾಳಿಯ ಒತ್ತಡ ಏರಿಸುತ್ತಾರೆ, ತಗಡು ತಗ್ಗಾಗುತ್ತದೆ, ರಿವೆಟ್ ಹಾಗೇ ಇರುತ್ತದೆ.

ಇಕ್ಕಟ್ಟಿನ ಮೂಲೆಗೆ ವಿಮಾನದವರು ಟಂಗ್‌ಸ್ಟನ್ ಗಟ್ಟಿ ಬಳಸುತ್ತಾರೆ. ಅದು ಅಷ್ಟೇ ಗಾತ್ರದ ಉಕ್ಕಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ದೋಣಿಗೆ ಅದರ ಅಗತ್ಯವಿಲ್ಲ. ಒಂದು ಮುಖ ನುಣ್ಣಗೆ, ಚಪ್ಪಟೆಯಾಗಿ ಉಜ್ಜಿದ ದಪ್ಪ ಉಕ್ಕಿನ ತುಂಡು ಸಾಕು. ಅಂಚುಗಳನ್ನು ಅರದಿಂದ ಸವರಿರಬೇಕು, ಇಲ್ಲದಿದ್ದರೆ ತಗಡನ್ನು ಗೀರುತ್ತದೆ.

ಅಗ್ಗದ ಗನ್ನಿನ ನಿಜವಾದ ಕೊರತೆ ಟ್ರಿಗರ್. ವಿಮಾನದ ಗನ್ನಿನಲ್ಲಿ ಬೆರಳನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ ಬಡಿಯುತ್ತದೆ. ಅಗ್ಗದ್ದಕ್ಕೆ ಆ ನಯ ಕಡಿಮೆ, ಒತ್ತಿದ ತಕ್ಷಣ ಪೂರ್ತಿ ಅಬ್ಬರ. ಪರಿಹಾರ ಚಿಕ್ಕದು. ಗನ್ನಿನ ಬುಡದಲ್ಲೇ ಒಂದು ಪುಟ್ಟ ರೆಗ್ಯುಲೇಟರ್ ಹಾಕಿಕೊಳ್ಳಿ. ಕಂಪ್ರೆಸರಿನ ಗೇಜ್ ನಂಬಬೇಡಿ, ಗಾಳಿ ಹರಿಯುವಾಗ ಸಣ್ಣ ಪೈಪಿನಲ್ಲೇ ಒತ್ತಡ ಸಾಕಷ್ಟು ಇಳಿದಿರುತ್ತದೆ. 3.2 ಮಿಲಿಮೀಟರ್ ರಿವೆಟ್ಟಿಗೆ 40 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಿ, 4.8ಕ್ಕೆ ಹೋಗುವಾಗ ಸ್ವಲ್ಪ ಏರಿಸಿ. ಹಾಳು ತಗಡಿನ ಮೇಲೆ ಹತ್ತಿಪ್ಪತ್ತು ಹೊಡೆದು ನೋಡುವುದು ಬೇಸರದ ಕೆಲಸ. ಆದರೆ ಅದನ್ನು ತಪ್ಪಿಸಿದವರು ಅದೇ ಹತ್ತಿಪ್ಪತ್ತನ್ನು ದೋಣಿಯ ಮೇಲೆ ಕಲಿಯುತ್ತಾರೆ.

ಕಂಪ್ರೆಸರ್ ಸಣ್ಣದಾದರೂ ನಡೆಯುತ್ತದೆ. ಮೂರು ಸೆಕೆಂಡ್ ಹೊಡೆತ, ಮುಂದಿನ ರಿವೆಟ್ ಇಡುವಷ್ಟು ಹೊತ್ತು ವಿರಾಮ. ಆ ವಿರಾಮದಲ್ಲಿ ಟ್ಯಾಂಕ್ ತುಂಬಿಕೊಳ್ಳುತ್ತದೆ. ಗಾಳಿಯನ್ನು ಅಮುಕಿದಾಗ ಅದರಲ್ಲಿರುವ ತೇವ ನೀರಾಗಿ ಇಳಿಯುತ್ತದೆ, ಆದ್ದರಿಂದ ಟ್ಯಾಂಕಿನ ನೀರು ಬಸಿಯಬೇಕು. ಗನ್ನಿಗೆ ಆಗಾಗ ಎರಡು ಹನಿ ಎಣ್ಣೆಯೂ ಬೇಕು.

ರಿವೆಟ್ ಸೆಟ್ ಅಂದರೆ ಮುಂದೆ ಸಿಕ್ಕಿಸುವ ಉಕ್ಕಿನ ತುಂಡು. ಅದರ ಮೂತಿಯ ಗುಳಿ ರಿವೆಟ್ ತಲೆಯ ಆಕಾರಕ್ಕೆ ಹೊಂದಬೇಕು. ಬಹಳಷ್ಟು ಅಗ್ಗದ ಗನ್ನುಗಳೂ ವಿಮಾನದ ಸೆಟ್ಟುಗಳೂ .401 ಇಂಚಿನ ಒಂದೇ ಬುಡದ ಅಳತೆಯವು, ಹಾಗಾಗಿ ಒಳ್ಳೆಯ ಸೆಟ್ಟನ್ನು ಅಗ್ಗದ ಗನ್ನಿಗೆ ಹಾಕಬಹುದು. ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ. ಸೆಟ್ಟನ್ನು ಹಿಡಿದಿಡುವುದು ಒಂದು ಸುರುಳಿ ಸ್ಪ್ರಿಂಗ್. ಅದಿಲ್ಲದೆ, ಅಥವಾ ಮೂತಿಯನ್ನು ಯಾವುದಕ್ಕೂ ಒತ್ತದೆ ಟ್ರಿಗರ್ ಎಳೆದರೆ ಆ ಉಕ್ಕಿನ ತುಂಡು ಗುಂಡಿನಂತೆ ಹಾರಬಹುದು. ಮೊದಲು ಒತ್ತು, ಆಮೇಲೆ ಟ್ರಿಗರ್. ಬಿಡುವಾಗ ಮೊದಲು ಟ್ರಿಗರ್. ಕಣ್ಣಿಗೆ ಕನ್ನಡಕ ಹಾಕಿ, ಕಿವಿಗೆ ಮುಚ್ಚಳ ಹಾಕಿ. ದೋಣಿಯೊಳಗೆ ಕೂತವರ ಕಿವಿಗೆ ಇನ್ನೂ ಹೆಚ್ಚಿನ ಜಾಗ್ರತೆ ಬೇಕು, ಯಾಕೆಂದರೆ ಅವರು ಕೂತಿರುವುದು ನಗಾರಿಯ ಹೊಟ್ಟೆಯಲ್ಲಿ. ಮಾತು ಕೇಳಿಸುವುದಿಲ್ಲ. ಆದ್ದರಿಂದ ಗಟ್ಟಿ ಹಿಡಿದವರು ರಿವೆಟ್ಟನ್ನು ತಟ್ಟಿ ಹೇಳುವ ರೂಢಿಯಿದೆ: ಎರಡು ತಟ್ಟಿದರೆ ಚೆನ್ನಾಗಿದೆ, ಮೂರು ತಟ್ಟಿದರೆ ಕೆಟ್ಟಿದೆ, ತೆಗೆಯಿರಿ.

"ರಿವೆಟ್ ಗನ್" ಅಂತ ಕೇಳಿದರೆ ಅಂಗಡಿಯವರು ಇನ್ನೊಂದನ್ನೂ ಕೊಡಬಹುದು. ಅದು ಪಾಪ್ ರಿವೆಟ್ ಎಳೆಯುವ ಗನ್. ಪಾಪ್ ರಿವೆಟ್ ಅಂದರೆ ನಡುವೆ ಒಂದು ಕಡ್ಡಿ ತೂರಿಸಿದ ಟೊಳ್ಳು ರಿವೆಟ್; ಕಡ್ಡಿ ಎಳೆದರೆ ಅದರ ಹಿಂಬದಿ ಉಬ್ಬಿ ಹಿಡಿದುಕೊಳ್ಳುತ್ತದೆ, ಆಮೇಲೆ ಕಡ್ಡಿ ಮುರಿಯುತ್ತದೆ. ಈ ಗನ್ನೂ ಗಾಳಿಯದೇ, ಆದರೆ ಗುದ್ದುವುದಿಲ್ಲ, ಎಳೆಯುತ್ತದೆ. ಒಂದೇ ಕಡೆಯಿಂದ ಕೆಲಸ ಮುಗಿಯುತ್ತದೆ, ಒಳಗೆ ಯಾರೂ ಬೇಡ. ಅದರೊಳಗಿನ ಯುಕ್ತಿ ದ್ರವದ ಒತ್ತಡದ ನಿಯಮ ಹೇಳಿದ ವಿಜ್ಞಾನಿ ಪ್ಯಾಸ್ಕಲ್‌ನದು. ದೊಡ್ಡ ಪಿಸ್ಟನ್ನಿನ ಮೇಲೆ ಗಾಳಿ ಒತ್ತುತ್ತದೆ, ಅದು ಸಣ್ಣ ಪಿಸ್ಟನ್ನಿನಿಂದ ಎಣ್ಣೆಯನ್ನು ಒತ್ತುತ್ತದೆ. ಗಾಳಿಯ ಪಿಸ್ಟನ್ 70 ಮಿಲಿಮೀಟರ್, ಎಣ್ಣೆಯದು 10 ಮಿಲಿಮೀಟರ್ ಅಗಲವಿದ್ದರೆ ಎಣ್ಣೆಯ ಒತ್ತಡ ಗಾಳಿಯದಕ್ಕಿಂತ 49 ಪಟ್ಟು. ಟೈರಿನಲ್ಲಿ ಇರುವಂಥ ಗಾಳಿ ಉಕ್ಕಿನ ಕಡ್ಡಿಯನ್ನು ಎಳೆದು ತುಂಡರಿಸುವುದು ಹೀಗೆ.

ನೀರಿನ ಮಟ್ಟದ ಮೇಲೆ, ಸೀಟು ಅಥವಾ ಬ್ರಾಕೆಟ್ ಕೂರಿಸಲು ಪಾಪ್ ರಿವೆಟ್ ಅಡ್ಡಿಯಿಲ್ಲ. ಕೆಳಗೆ ನನಗೆ ಇಷ್ಟವಿಲ್ಲ. ಮಾಮೂಲಿ ಪಾಪ್ ರಿವೆಟ್ ನಡುವೆ ಟೊಳ್ಳು, ಅದೇ ಒಂದು ನೀರಿನ ದಾರಿ. ಬೇರೆ ದಾರಿಯೇ ಇಲ್ಲದ ಕಡೆ ತುದಿ ಮುಚ್ಚಿದ ಜಾತಿಯದನ್ನು ಹಾಕಬೇಕು. ಕಡ್ಡಿ ಉಕ್ಕಿನದಾಗಿದ್ದರೆ ಮುರಿದ ತುಂಡು ಅಲ್ಯೂಮಿನಿಯಂ ಒಳಗೆ ಉಳಿಯುತ್ತದೆ. ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿ ತಯಾರು, ಅದು ಅಲ್ಯೂಮಿನಿಯಂ ಅನ್ನು ತಿನ್ನತೊಡಗುತ್ತದೆ.

ಇದನ್ನು ಬ್ರಿಟಿಷ್ ನೌಕಾಪಡೆ ಕಷ್ಟಪಟ್ಟು ಕಲಿಯಿತು. 1761ರಲ್ಲಿ ಅವರು ಅಲಾರ್ಮ್ ಎಂಬ ಯುದ್ಧನೌಕೆಯ ಮರದ ತಳಕ್ಕೆ ತಾಮ್ರದ ತಗಡು ಹೊದಿಸಿದರು. 1763ರಲ್ಲಿ ಪರೀಕ್ಷಿಸಿದಾಗ ತಗಡು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ಆದರೆ ತಗಡಿನ ಜೊತೆ ಬಂದ ಕಂದು ಕಾಗದ ಮೊಳೆಗೂ ತಾಮ್ರಕ್ಕೂ ನಡುವೆ ಸಿಕ್ಕಿಕೊಂಡಿದ್ದ ಕಡೆ ಮೊಳೆಗಳು ಉಳಿದಿದ್ದವು. ಎರಡು ಲೋಹ, ಉಪ್ಪುನೀರು, ನೇರ ಸ್ಪರ್ಶ. ಒಂದು ಕಾಗದ ಅಡ್ಡ ಬಂದರೂ ಸರ್ಕ್ಯೂಟ್ ಮುರಿಯುತ್ತದೆ.

ದೋಣಿಯಲ್ಲಿ ಇದರ ಅರ್ಥ ಸರಳ. ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ರಿವೆಟ್ಟೇ ಇರಲಿ. ಅದರಲ್ಲೂ 5056 ಎಂಬ ಮಿಶ್ರಲೋಹ ಒಳ್ಳೆಯದು, ಅದರಲ್ಲಿ ಸುಮಾರು 5 ಶೇಕಡಾ ಮೆಗ್ನೀಸಿಯಂ ಇದೆ. ವಿಮಾನದಲ್ಲಿ ಸಾಮಾನ್ಯವಾಗಿ ಬಳಸುವ 2117ರಲ್ಲಿ ಸುಮಾರು 2.5 ಶೇಕಡಾ ತಾಮ್ರವಿದೆ, ಸಮುದ್ರಕ್ಕೆ ಅದು ಒಗ್ಗುವುದಿಲ್ಲ. ವಿಮಾನದ ಗನ್ ಸರಿ, ವಿಮಾನದ ರಿವೆಟ್ ಎಲ್ಲವೂ ಸರಿಯಲ್ಲ.

ಹಳೆಯದನ್ನು ತೆಗೆಯುವಾಗ ತಲೆಯ ನಟ್ಟನಡುವೆ ಗುರುತು ಒತ್ತಿ, ತಲೆಯಷ್ಟೇ ಆಳಕ್ಕೆ ಡ್ರಿಲ್ ಮಾಡಿ, ಉಳಿದ ಕಾಂಡವನ್ನು ಪಂಚ್‌ನಿಂದ ತಟ್ಟಿ ಹೊರಗೆ ಹಾಕಿ. ಪೂರ್ತಿ ಕೊರೆಯಲು ಹೋದರೆ ಬಿಟ್ ಜಾರಿ ತಗಡಿನ ತೂತೇ ಕೆಡುತ್ತದೆ. ಹೊಸ ರಿವೆಟ್ಟಿಗೆ ಪಾಲಿಯುರೆಥೇನ್ ಸೀಲಂಟ್ ಸವರಿ, ಅದು ಹಸಿಯಿರುವಾಗಲೇ ಹೊಡೆಯಿರಿ.

ಬರೀ ಸ್ವಲ್ಪ ಸಡಿಲವಾದ ರಿವೆಟ್ಟನ್ನು ತೆಗೆಯಲೇಬೇಕಿಲ್ಲ. ಹಿಂದೆ ಬಕಿಂಗ್ ಬಾರ್ ಹಿಡಿದು ಮತ್ತೆ ನಾಲ್ಕು ಪೆಟ್ಟು ಕೊಟ್ಟರೆ ಕೆಲವು ಬಿಗಿಯಾಗುತ್ತವೆ. ಆದರೆ ಅದು ಆಗಲೇ ಒಮ್ಮೆ ಕುಟ್ಟಿಸಿಕೊಂಡು ಗಟ್ಟಿಯಾದ ಲೋಹ, ಪ್ರತಿ ಸಲವೂ ಮಣಿಯುವುದಿಲ್ಲ. ಸೀಲಂಟ್ ಒಣಗಿದ ಮೇಲೆ ಮತ್ತೆ ಒಂದೆರಡು ಬಕೆಟ್ ನೀರು ಹಾಕಿ ನೋಡಿ. ಬಿಗಿ ಮಾಡಿದ ರಿವೆಟ್ಟಿನಿಂದ ಇನ್ನೂ ಹನಿ ಬರುತ್ತಿದ್ದರೆ ಅದರ ಸುತ್ತ ಇನ್ನೊಂದು ಸೊನ್ನೆ ಬರೆದು, ಡ್ರಿಲ್ ಎತ್ತಿಕೊಳ್ಳಿ.